ನಾಳೆಯ ಸಮುದ್ರಕ್ಕೆ ಇವತ್ತಿನ ಬೆಲೆ

2023ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಒಂದು ಹರಾಜಿನ ಫಲಿತಾಂಶ ಪ್ರಕಟಿಸಿತು. ಹೊಸ ವಿದ್ಯುತ್ ಯೋಜನೆಗಳನ್ನು ಆರಿಸುವ ಹರಾಜು ಅದು. ಸೋಲಾರ್‌ಗೆ ಗಿರಾಕಿ ಇದ್ದರು. ನೆಲದ ಮೇಲಿನ ಗಾಳಿಯಂತ್ರಕ್ಕೂ ಇದ್ದರು. ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸುವವರು ಮಾತ್ರ ಒಬ್ಬರೂ ಬರಲಿಲ್ಲ. ಒಂದೇ ಒಂದು ಬಿಡ್ ಇಲ್ಲ.

ಬ್ರಿಟನ್ನಿನ ಸುತ್ತ ಗಾಳಿಗೆ ಬರ ಇಲ್ಲ, ಸಮುದ್ರಕ್ಕಂತೂ ಇಲ್ಲವೇ ಇಲ್ಲ. ಕಡಲ ಗಾಳಿಯಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶ ಅದು. ಹಾಗಾದರೆ ಎಡವಿದ್ದೆಲ್ಲಿ? ಒಂದು ಸಂಖ್ಯೆಯಲ್ಲಿ. 1,000 ಯೂನಿಟ್ ಕರೆಂಟ್‌ಗೆ 44 ಪೌಂಡ್‌ಗಿಂತ ಜಾಸ್ತಿ ಕೇಳುವ ಹಾಗಿಲ್ಲ ಅಂತ ಸರ್ಕಾರ ಮಿತಿ ಹಾಕಿತ್ತು. ಇದು 2012ರ ಬೆಲೆ ಮಟ್ಟದಲ್ಲಿ ಹೇಳುವ ಲೆಕ್ಕ. ಮುಂದಿನ ಸುತ್ತಿಗೆ ಅದೇ ಮಿತಿಯನ್ನು 73 ಪೌಂಡ್‌ಗೆ ಏರಿಸಿದರು. ಕಂಪನಿಗಳು ಬಂದವು, ಹೊಸ ಯೋಜನೆಗಳು 59 ಪೌಂಡ್‌ನ ಆಸುಪಾಸಿನಲ್ಲಿ ಕುದುರಿದವು.

ಇಂಥ ಸಂಖ್ಯೆಗಳನ್ನು ಲೆಕ್ಕ ಹಾಕಿ ಕೊಡುವುದನ್ನೇ ಕಸುಬು ಮಾಡಿಕೊಂಡ ಅರ್ಥಶಾಸ್ತ್ರಜ್ಞರಿದ್ದಾರೆ. ಕೆಲವರು ವಿಶ್ವವಿದ್ಯಾಲಯಗಳಲ್ಲಿ, ಕೆಲವರು ಸರ್ಕಾರದ ಇಲಾಖೆಗಳಲ್ಲಿ, ತುಂಬಾ ಜನ ಸಲಹಾ ಸಂಸ್ಥೆಗಳಲ್ಲಿ. ಮೀನಿಗೆ ಎಷ್ಟು ಕೋಟಾ ಇರಬೇಕು, ಹೊಗೆಗೆ ಎಷ್ಟು ತೆರಿಗೆ ಹಾಕಬೇಕು, ಬಂದರಿನ ಪಕ್ಕದ ಜೌಗು ಪ್ರದೇಶ ಮುಚ್ಚಿದರೆ ನಷ್ಟ ಎಷ್ಟು ಅಂತ ಲೆಕ್ಕ ಹಾಕಿ ಕೊಡುವುದು ಅವರ ಕೆಲಸ. ಹವಾಮಾನ, ಇಂಧನ, ಸಮುದ್ರ ಮೂರೂ ಬೇರೆ ಬೇರೆ ಖಾತೆ, ಬೇರೆ ಬೇರೆ ಮಂತ್ರಿ. ಆದರೂ ಒಂದೇ ತಂಡ ಮೂರನ್ನೂ ನೋಡಿಕೊಳ್ಳುವುದು ಸಾಮಾನ್ಯ. ಮೂರರಲ್ಲೂ ತಲೆನೋವು ಒಂದೇ ಆಗಿರುವುದೇ ಅದಕ್ಕೆ ಕಾರಣ. ಕೈಬಿಡಬೇಕಾದ ದುಡ್ಡು ಇವತ್ತಿನದು, ಸಿಗುವ ಲಾಭ ನಾಳೆಯದು. ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ನಾಳೆಯ ಒಂದು ರೂಪಾಯಿಗೆ ಇವತ್ತು ಎಷ್ಟು ಬೆಲೆ ಅನ್ನುವುದನ್ನು ಯಾರೋ ಒಬ್ಬರು ಎಲ್ಲೋ ಒಂದು ಕಡೆ ನಿರ್ಧರಿಸಲೇಬೇಕು.

ಗಾಳಿ ಪುಕ್ಕಟೆ, ಬಡ್ಡಿ ಅಲ್ಲ

ಗ್ಯಾಸ್‌ನಿಂದ ಕರೆಂಟ್ ತೆಗೆಯುವ ಸ್ಥಾವರದಲ್ಲಿ ದೊಡ್ಡ ಖರ್ಚು ಗ್ಯಾಸ್‌ನದ್ದೇ. ಉರಿಸಿದಷ್ಟು ಖರ್ಚು, ನಿಲ್ಲಿಸಿದರೆ ಇಲ್ಲ. ಗಾಳಿಯಂತ್ರದ ಕಥೆ ಉಲ್ಟಾ. ಕಂಬ, ರೆಕ್ಕೆ, ಸಮುದ್ರದಡಿಯ ಕೇಬಲ್, ಅದನ್ನೆಲ್ಲ ನಿಲ್ಲಿಸುವ ಹಡಗು, ಎಲ್ಲದಕ್ಕೂ ಮೊದಲ ದಿನವೇ ದುಡ್ಡು ಸುರಿಯಬೇಕು. ಆಮೇಲೆ ಇಂಧನ ಪುಕ್ಕಟೆ. ಹಾಗಾಗಿ ಕಡಲ ಗಾಳಿಯ ಕರೆಂಟಿನ ಬೆಲೆ ಅಂದರೆ ಬಹುಪಾಲು ಸಾಲದ ಕಂತೇ. ಮನೆ ಸಾಲ ತೀರಿಸಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. 1,000 ಹಾಕಿ ಕಟ್ಟಿದ ಯಂತ್ರದ ಸಾಲವನ್ನು 25 ವರ್ಷದಲ್ಲಿ ತೀರಿಸಬೇಕು ಅಂತಿಟ್ಟುಕೊಳ್ಳಿ. ಬಡ್ಡಿ ಶೇ. 3 ಇದ್ದರೆ ವರ್ಷದ ಕಂತು ಸುಮಾರು 57. ಶೇ. 8 ಆದರೆ ಸುಮಾರು 94. ಯಂತ್ರ ಅದೇ, ಗಾಳಿ ಅದೇ, ಜಾಗವೂ ಅದೇ. ಯೂನಿಟ್ ಬೆಲೆ ಮಾತ್ರ ಸುಮಾರು ಮೂರನೇ ಎರಡು ಪಾಲಿನಷ್ಟು ಹೆಚ್ಚಾಗುವ ಹಾದಿಯಲ್ಲಿದೆ.

ಬ್ರಿಟನ್ನಿನ ಹರಾಜು ಪದ್ಧತಿ ಹುಟ್ಟಿದ್ದೇ ಈ ಬಡ್ಡಿಯನ್ನು ಇಳಿಸಲಿಕ್ಕೆ. ಅಲ್ಲಿ ಸರ್ಕಾರ ಯಂತ್ರ ಕೊಳ್ಳುವುದಿಲ್ಲ, ಹಲವು ವರ್ಷಕ್ಕೆ (ಈ ಸುತ್ತುಗಳಲ್ಲಿ 15 ವರ್ಷ ಇತ್ತು) ಒಂದು ಬೆಲೆಯ ಭರವಸೆ ಕೊಡುತ್ತದೆ. ಸಗಟು ಮಾರುಕಟ್ಟೆಯಲ್ಲಿ ಕರೆಂಟ್ ಅದಕ್ಕಿಂತ ಅಗ್ಗವಾದರೆ ಕಂಪನಿಗೆ ವ್ಯತ್ಯಾಸ ತುಂಬಿಕೊಡುತ್ತಾರೆ. ದುಬಾರಿಯಾದರೆ ಕಂಪನಿ ಹೆಚ್ಚುವರಿ ಹಣವನ್ನು ವಾಪಸ್ ಕೊಡಬೇಕು. ಆದಾಯ ಹೀಗೆ ಗಟ್ಟಿಯಾದರೆ ಬ್ಯಾಂಕಿಗೆ ಭಯ ಕಡಿಮೆ. ಭಯ ಕಡಿಮೆಯಾದರೆ ಬಡ್ಡಿಯೂ ಕಡಿಮೆ. ಈ ಪದ್ಧತಿಯಲ್ಲಿ 2015ರಲ್ಲಿ 1,000 ಯೂನಿಟ್‌ಗೆ 115ರಿಂದ 120 ಪೌಂಡ್‌ನಷ್ಟಿದ್ದ ಬೆಲೆ 2019ಕ್ಕೆ 40ರ ಸುತ್ತಮುತ್ತ ಬಂತು, 2022ರಲ್ಲಿ 37ಕ್ಕೆ ಇಳಿಯಿತು.

ಇಳಿಯುತ್ತಲೇ ಬಂದ ಗೆರೆ ಕಂಡರೆ ಅದನ್ನು ಮುಂದಕ್ಕೆ ಎಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಅಷ್ಟರಲ್ಲಿ ಉಕ್ಕಿನ ಬೆಲೆ ಏರಿತ್ತು, ಯಂತ್ರ ಮಾಡುವವರ ಖರ್ಚು ಏರಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಬಡ್ಡಿ ದರ ಏರಿತ್ತು. ಕಂಪನಿಗಳು ಮೊದಲೇ ಎಚ್ಚರಿಸಿದ್ದವು. ಇಲ್ಲಿ ಸಲಹೆಗಾರರ ಕೆಲಸದ ನಿಜವಾದ ಕಷ್ಟ ಕಾಣುತ್ತದೆ. ಕಂಪನಿಗಳು ಯಾವಾಗಲೂ ಬೆಲೆ ಸಾಲದು ಅಂತಲೇ ಹೇಳುತ್ತವೆ. ಹತ್ತು ಸಲ ಸುಮ್ನೆ ಹೇಳಿ, ಹನ್ನೊಂದನೇ ಸಲ ನಿಜ ಹೇಳಿದರೆ ಗುರುತಿಸುವುದು ಹೇಗೆ? ಉಕ್ಕಿನ ದರ, ಬಡ್ಡಿ ದರ, ಹಡಗಿನ ಬಾಡಿಗೆ ಇವನ್ನೆಲ್ಲ ಸ್ವಂತವಾಗಿ ಲೆಕ್ಕ ಹಾಕಿಟ್ಟುಕೊಂಡವರಿಗೆ ಮಾತ್ರ ಅದು ಸಾಧ್ಯ.

ಇನ್ನೊಂದು ಮಾತು ಸೇರಿಸಿ ಮುಂದೆ ಹೋಗೋಣ. ಒಂದು ಯೂನಿಟ್ ತಯಾರಿಸಲು ಎಷ್ಟು ಖರ್ಚು ಅನ್ನುವ ಪಟ್ಟಿಗಳು ಎಲ್ಲೆಡೆ ಓಡಾಡುತ್ತವೆ. ಅವು ಅರ್ಧ ಸತ್ಯ. ಗಾಳಿ ಬೀಸಿದರೆ ಆ ಭಾಗದ ಎಲ್ಲ ಯಂತ್ರಗಳೂ ಒಟ್ಟಿಗೇ ತಿರುಗುತ್ತವೆ, ಮಾರುಕಟ್ಟೆಯಲ್ಲಿ ಕರೆಂಟ್ ತುಂಬಿ ಬೆಲೆ ಕುಸಿಯುತ್ತದೆ. ಕೆಲವು ಗಂಟೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಗಾಳಿ ನಿಂತಾಗ ಬೇರೆ ಯಾವುದೋ ಸ್ಥಾವರ ತಯಾರಿರಬೇಕು, ಅದರ ಖರ್ಚನ್ನೂ ಯಾರಾದರೂ ಕೊಡಬೇಕು. ಕರೆಂಟ್ ಎಷ್ಟು ಅಗ್ಗ ಅನ್ನುವುದರ ಜೊತೆಗೆ ಯಾವ ಹೊತ್ತಿನಲ್ಲಿ ಸಿಗುತ್ತದೆ ಅನ್ನುವುದನ್ನೂ ಕೇಳಬೇಕು.

ಯಾರದ್ದೂ ಅಲ್ಲದ ಮೀನು

ಮೀನಿನ ವಿಷಯಕ್ಕೆ ಬಂದರೆ ಈ ಅರ್ಥಶಾಸ್ತ್ರದ ಬೇರು 1954ರಲ್ಲಿದೆ. ಕೆನಡಾದ ಸ್ಕಾಟ್ ಗಾರ್ಡನ್ ಆ ವರ್ಷ ಬರೆದ ಪ್ರಬಂಧದ ತರ್ಕ ಇವತ್ತಿಗೂ ಅಲುಗಾಡಿಲ್ಲ. ಸಮುದ್ರದಲ್ಲಿರುವ ಮೀನು ಯಾರದ್ದೂ ಅಲ್ಲ, ಹಿಡಿದವರದ್ದು. ಒಂದು ದೋಣಿಗೆ ಲಾಭ ಸಿಗುತ್ತದೆ ಅಂತ ಗೊತ್ತಾದರೆ ಇನ್ನೊಂದು ದೋಣಿ ಇಳಿಯುತ್ತದೆ, ಆಮೇಲೆ ಮತ್ತೊಂದು. ಖರ್ಚು ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಅನ್ನುವ ಹಂತದವರೆಗೆ ದೋಣಿಗಳು ಸೇರುತ್ತಲೇ ಇರುತ್ತವೆ. ನಾನು ಇವತ್ತು ಬಿಟ್ಟ ಮೀನನ್ನು ನಾಳೆ ಇನ್ಯಾರೋ ಹಿಡಿಯುತ್ತಾರೆ ಅಂದಮೇಲೆ ನಾನ್ಯಾಕೆ ಬಿಡಲಿ, ಅಲ್ವಾ? ಇದರಲ್ಲಿ ಯಾರೂ ದುರಾಸೆಯವರಾಗಬೇಕಿಲ್ಲ. ಎಲ್ಲರೂ ಸಾಮಾನ್ಯ ಮನುಷ್ಯರಾಗಿದ್ದರೆ ಸಾಕು, ಮೀನು ಖಾಲಿಯಾಗುತ್ತದೆ.

ಹೀಗೆ ಜಾಸ್ತಿ ದೋಣಿ ಇಳಿಸಿ ಕಡಿಮೆ ಮೀನು ಹಿಡಿಯುವುದರಿಂದ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಡಾಲರ್ ಕಳೆದುಕೊಳ್ಳುತ್ತಿದೆ ಅಂತ ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ 2009ರಲ್ಲಿ ಅಂದಾಜು ಮಾಡಿದ್ದವು. ತಮಾಷೆ ಏನೆಂದರೆ, ಹೀಗೆ ನಷ್ಟ ಮಾಡಿಕೊಳ್ಳಲಿಕ್ಕೆ ಸರ್ಕಾರಗಳು ಡೀಸೆಲ್ ಸಬ್ಸಿಡಿಯನ್ನೂ ಕೊಡುತ್ತವೆ.

ಕೆನಡಾದ ಪೂರ್ವ ಕರಾವಳಿ ಇದನ್ನು ಅನುಭವಿಸಿ ನೋಡಿತು. ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನು ಶತಮಾನಗಳ ಕಾಲ ಯುರೋಪಿಗೆ ಅನ್ನ ಹಾಕಿತ್ತು. 1992ರ ಜುಲೈನಲ್ಲಿ ಸರ್ಕಾರ ಅದನ್ನು ಹಿಡಿಯುವುದನ್ನೇ ನಿಷೇಧಿಸಿತು. 30,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆ ಅಂತ ಹೇಳಿದ್ದ ನಿಷೇಧ ಅಧಿಕೃತವಾಗಿ ತೆರವಾದದ್ದು 2024ರಲ್ಲಿ.

ಸರಿ, ಒಟ್ಟು ಹಿಡಿಯುವ ಮೀನಿಗೆ ಮಿತಿ ಹಾಕಿಬಿಟ್ಟರೆ? ಅದು ಸಾಲದು ಅನ್ನುವುದಕ್ಕೆ ಅಲಾಸ್ಕಾದ ಹ್ಯಾಲಿಬಟ್ ಮೀನು ಸಾಕ್ಷಿ. ಅಲ್ಲಿ ಮಿತಿ ಇತ್ತು, ಆದರೆ ಮಿತಿಯೊಳಗೆ ಯಾರು ಎಷ್ಟು ಹಿಡಿಯಬೇಕು ಅಂತ ಇರಲಿಲ್ಲ. ಮೊದಲು ಹಿಡಿದವನೇ ಗೆದ್ದ. ಹಾಗಾಗಿ ಎಲ್ಲರೂ ದೊಡ್ಡ ಎಂಜಿನ್, ಜಾಸ್ತಿ ಗಾಳ ಹಾಕಿಸಿದರು. ಮಿತಿ ಬೇಗ ಮುಗಿಯತೊಡಗಿತು, ಅಧಿಕಾರಿಗಳು ದಿನ ಕಡಿಮೆ ಮಾಡುತ್ತಾ ಹೋದರು. 1990ರ ದಶಕದ ಆರಂಭಕ್ಕೆ ಇಡೀ ವರ್ಷದ ಮೀನುಗಾರಿಕೆ ಕೆಲವೇ ದಿನಗಳಿಗೆ ಇಳಿದಿತ್ತು, ಅದೂ 24 ಗಂಟೆಯ ತುಣುಕುಗಳಲ್ಲಿ. ಆ ದಿನ ಬಿರುಗಾಳಿ ಎದ್ದರೂ ಹೋಗಲೇಬೇಕು. ದೋಣಿಗಳು ಮುಳುಗಿದವು, ಜನ ಸತ್ತರು. ಹಿಡಿದ ಮೀನೆಲ್ಲ ಒಂದೇ ದಿನ ದಡಕ್ಕೆ ಬಂದು ಬೀಳುತ್ತಿದ್ದರಿಂದ ಬಹುಪಾಲು ಐಸ್ ಗೋದಾಮಿಗೆ ಹೋಗುತ್ತಿತ್ತು. ತಾಜಾ ಮೀನು ತಿನ್ನುವ ಆಸೆ ಇದ್ದವರಿಗೆ ವರ್ಷದ ಉಳಿದ ದಿನ ಸಿಗುತ್ತಿದ್ದದ್ದು ಅದೇ ಹಳೆಯ ಮೀನು.

1995ರಲ್ಲಿ ಪದ್ಧತಿ ಬದಲಾಯಿತು. ಪ್ರತಿ ಮೀನುಗಾರನಿಗೂ ಒಟ್ಟು ಮಿತಿಯಲ್ಲಿ ಇಂತಿಷ್ಟು ಪಾಲು ಅಂತ ಬರೆದುಕೊಟ್ಟರು. ಬೇಕಾದರೆ ಮಾರಬಹುದು. ಓಟದ ಅಗತ್ಯವೇ ಹೋಯಿತು. ಕೆಲವೇ ದಿನ ಇದ್ದ ಮೀನುಗಾರಿಕೆ ಎಂಟು ತಿಂಗಳಿಗೆ ಹರಡಿಕೊಂಡಿತು. ಹವೆ ಚೆನ್ನಾಗಿದ್ದ ದಿನ ಹೋಗಿ, ಬೆಲೆ ಚೆನ್ನಾಗಿದ್ದ ದಿನ ಮಾರಬಹುದಾಯಿತು. ಮೀನಿಗೆ ಒಳ್ಳೆಯ ದರ ಬಂತು.

ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ಹೊಡೆಯುವ ವರದಿಗಳು ಬೇಕಾದಷ್ಟಿವೆ. ನನಗೆ ಅವು ಅಷ್ಟು ಇಷ್ಟವಿಲ್ಲ. ಯಾಕೆಂದರೆ ದೋಣಿಗಳು ಕಡಿಮೆಯಾದಾಗ ದೋಣಿಯ ಕೂಲಿಯವರ ಕೆಲಸವೂ ಹೋಯಿತು. ಮೊದಲ ದಿನ ಪಾಲು ಪುಕ್ಕಟೆ ಸಿಕ್ಕಿದವನು ಶ್ರೀಮಂತನಾದ. ಅವನ ಮಗನ ವಯಸ್ಸಿನ ಹೊಸಬ ಅದೇ ಪಾಲನ್ನು ಸಾಲ ಮಾಡಿ ಕೊಳ್ಳಬೇಕಾಯಿತು. ಐಸ್‌ಲ್ಯಾಂಡ್ 1984ರಲ್ಲೇ ಇಂಥ ಕೋಟಾ ತಂದಿತ್ತು, ಮೀನಿನ ಲೆಕ್ಕದಲ್ಲಿ ಅದು ದೊಡ್ಡ ಯಶಸ್ಸು. ಆದರೆ 2007ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇಬ್ಬರು ಮೀನುಗಾರರ ದೂರು ಕೇಳಿ, ಇಡೀ ದೇಶದ ಸ್ವತ್ತನ್ನು ಹಳಬರಿಗೆ ಮಾತ್ರ ಶಾಶ್ವತವಾಗಿ ಬರೆದುಕೊಟ್ಟ ಹಾಗಾಗಿದೆ, ಇದು ನ್ಯಾಯವಲ್ಲ ಅನ್ನುವ ಅರ್ಥದ ತೀರ್ಮಾನ ಕೊಟ್ಟಿತು. ಒಟ್ಟು ಲಾಭ ಹೆಚ್ಚಾಯಿತೇ ಅನ್ನುವುದು ಒಂದು ಪ್ರಶ್ನೆ, ಅದು ಯಾರ ಜೇಬಿಗೆ ಹೋಯಿತು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು ಮುಗಿಸುವ ಸಲಹೆಗಾರ ಅರ್ಧ ಕೆಲಸ ಮಾಡಿದ್ದಾನೆ.

ಮಾಲೀಕತ್ವ ಕೊಟ್ಟರೆ ಮೀನು ಉಳಿಯುತ್ತದೆ ಅನ್ನುವುದೂ ಯಾವಾಗಲೂ ನಿಜವಲ್ಲ. ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್ 1973ರಲ್ಲಿ ಒಂದು ಮುಜುಗರದ ಲೆಕ್ಕ ತೋರಿಸಿದರು. ತಿಮಿಂಗಿಲದ ಸಂತತಿ ಬೆಳೆಯುವುದು ಬಲು ನಿಧಾನ, ವರ್ಷಕ್ಕೆ ಶೇಕಡಾ ಕೆಲವೇ ಅಂಶ. ಬೇರೆ ಕಡೆ ಹಣ ಹೂಡಿದರೆ ಅದಕ್ಕಿಂತ ಜಾಸ್ತಿ ಬರುತ್ತದೆ ಅಂತಾದರೆ, ಲಾಭ ಮಾತ್ರ ನೋಡುವ ಒಬ್ಬನೇ ಮಾಲೀಕ ಏನು ಮಾಡುತ್ತಾನೆ? ಇದ್ದಷ್ಟನ್ನೂ ಕೊಂದು, ಮಾರಿ, ಆ ದುಡ್ಡನ್ನು ಬೇರೆ ಕಡೆ ಹಾಕುತ್ತಾನೆ. ಲೆಕ್ಕದ ಪ್ರಕಾರ ಅದು ಸರಿಯೇ. ಇಲ್ಲೂ ಬಡ್ಡಿಯೇ ಬಂದು ಕೂತಿದೆ ನೋಡಿ. ನೀರಲ್ಲಿ ಬಿಟ್ಟ ಮೀನು ಒಂದು ಉಳಿತಾಯ, ಅದು ಬೇರೆ ಉಳಿತಾಯಗಳ ಜೊತೆ ಪೈಪೋಟಿ ಮಾಡಬೇಕು. ನಿಧಾನವಾಗಿ ಬೆಳೆಯುವ ಜೀವಿ ಆ ಪೈಪೋಟಿಯಲ್ಲಿ ಸೋಲುತ್ತದೆ. ಹಾಗಾಗಿಯೇ ಕೆಲವು ವಿಷಯಗಳನ್ನು ಮಾರುಕಟ್ಟೆಗೆ ಬಿಡದೆ ನೇರವಾಗಿ ನಿಷೇಧಿಸುವುದು.

ಒಂದು ಟನ್ ಹೊಗೆ: 7 ಡಾಲರೋ, 190 ಡಾಲರೋ?

ಹೊಗೆಯ ಲೆಕ್ಕದಲ್ಲಿ ಈ ಬಡ್ಡಿಯ ಆಟ ಅತಿರೇಕಕ್ಕೆ ಹೋಗುತ್ತದೆ. ಇವತ್ತು ಬಿಟ್ಟ ಇಂಗಾಲ ನೂರಾರು ವರ್ಷ ಗಾಳಿಯಲ್ಲಿರುತ್ತದೆ, ಹಾನಿಯ ದೊಡ್ಡ ಪಾಲು ಇನ್ನೂ ಹುಟ್ಟದವರ ತಲೆಯ ಮೇಲೆ. ಆ ಹಾನಿಯನ್ನೆಲ್ಲ ಕೂಡಿಸಿ, ಇವತ್ತಿನ ಬೆಲೆಗೆ ಇಳಿಸಿ, ಒಂದು ಟನ್‌ಗೆ ಇಷ್ಟು ಅಂತ ಹೇಳುವ ಸಂಖ್ಯೆಯೊಂದು ಅಮೆರಿಕದ ಸರ್ಕಾರಿ ಕಡತಗಳಲ್ಲಿ ಇರುತ್ತಿತ್ತು. ಕಾರಿನ ಮೈಲೇಜ್ ನಿಯಮದಿಂದ ಫ್ರಿಜ್‌ನ ನಿಯಮದವರೆಗೆ ಎಲ್ಲದರ ಲಾಭ-ನಷ್ಟದಲ್ಲೂ ಅದು ಲೆಕ್ಕಕ್ಕೆ ಬರುತ್ತಿತ್ತು.

2017ರ ನಂತರ ಟ್ರಂಪ್ ಸರ್ಕಾರ ಆ ಸಂಖ್ಯೆಯನ್ನು 1 ಮತ್ತು 7 ಡಾಲರ್‌ನ ನಡುವಿಗೆ ಇಳಿಸಿತು. 2021ರ ಫೆಬ್ರವರಿಯಲ್ಲಿ ಬೈಡನ್ ಸರ್ಕಾರ 51 ಡಾಲರ್ ಮಾಡಿತು. 2023ರ ಕೊನೆಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 190 ಡಾಲರ್ ಅಂದಿತು. 2025ರ ಜನವರಿಯಲ್ಲಿ ಮತ್ತೆ ಬಂದ ಟ್ರಂಪ್ ಸರ್ಕಾರ ಇದನ್ನು ಲೆಕ್ಕ ಹಾಕುವ ಸಮಿತಿಯನ್ನೇ ವಿಸರ್ಜಿಸಿತು. ಇಷ್ಟು ವರ್ಷಗಳಲ್ಲಿ ಹವಾಮಾನದ ವಿಜ್ಞಾನ ಏನೂ ತಲೆಕೆಳಗಾಗಿರಲಿಲ್ಲ. ಮುಖ್ಯವಾಗಿ ಬದಲಾದದ್ದು ಎರಡು ಆಯ್ಕೆ. ಒಂದು, ಹಾನಿ ಇಡೀ ಜಗತ್ತಿನದ್ದೋ ಅಥವಾ ಅಮೆರಿಕದ ಗಡಿಯೊಳಗಿನದ್ದು ಮಾತ್ರವೋ? ಎರಡು, ನಾಳೆಯ ಹಣವನ್ನು ಇವತ್ತಿಗೆ ಇಳಿಸುವ ದರ, ಅಂದರೆ ಡಿಸ್ಕೌಂಟ್ ದರ, ಎಷ್ಟು? 190 ಡಾಲರ್‌ನ ಅಂದಾಜಿನಲ್ಲಿ ಹಾನಿಯ ಮಾದರಿಗಳೂ ಹೊಸದಾಗಿದ್ದವು, ಅದು ನಿಜ. ಆದರೆ ದರವನ್ನು ಶೇ. 3ರಿಂದ 2ಕ್ಕೆ ಇಳಿಸಿದ್ದೂ ಅಷ್ಟೇ ಕೆಲಸ ಮಾಡಿತು.

ಈ ದರದ ಜೋರು ಎಷ್ಟು ಅಂತ ಕೈಯಲ್ಲೇ ಲೆಕ್ಕ ಹಾಕಬಹುದು. ಇನ್ನು 100 ವರ್ಷಕ್ಕೆ 1,000 ಡಾಲರ್‌ನ ಹಾನಿ ಆಗುತ್ತದೆ ಅನ್ನಿ. ಅದನ್ನು ತಪ್ಪಿಸಲು ಇವತ್ತು ಎಷ್ಟು ಖರ್ಚು ಮಾಡಬಹುದು? ದರ ಶೇ. 1.4 ಇದ್ದರೆ ಸುಮಾರು 249 ಡಾಲರ್. ಶೇ. 3 ಇದ್ದರೆ 52. ಶೇ. 5 ಆದರೆ ಎಂಟು ಡಾಲರ್‌ಗೂ ಕಡಿಮೆ. ಶೇ. 7 ಅಂದರೆ ಬರೀ ಒಂದು ಡಾಲರ್ ಚಿಲ್ಲರೆ.

ಆ 1.4 ಸುಮ್ನೆ ಆರಿಸಿದ್ದಲ್ಲ. ಬ್ರಿಟನ್ ಸರ್ಕಾರಕ್ಕಾಗಿ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ 2006ರಲ್ಲಿ ಹವಾಮಾನದ ಬಗ್ಗೆ ಕೊಟ್ಟ ವರದಿ ಹೆಚ್ಚುಕಡಿಮೆ ಅಷ್ಟೇ ದರ ಬಳಸಿತ್ತು. ಈಗಲೇ ಜೋರಾಗಿ ಖರ್ಚು ಮಾಡಿ ಅಂದಿತ್ತು. ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ಒಪ್ಪಲಿಲ್ಲ. ಮಾರುಕಟ್ಟೆಯಲ್ಲಿ ಜನ ನಿಜವಾಗಿ ಹಣ ಹೂಡುವಾಗ ನಿರೀಕ್ಷಿಸುವ ದರ ಇದಕ್ಕಿಂತ ಎಷ್ಟೋ ಜಾಸ್ತಿ, ಅದನ್ನೇ ಬಳಸಬೇಕು ಅನ್ನುವುದು ಅವರ ವಾದ. ಹಾಗೆ ಮಾಡಿದರೆ ತೆರಿಗೆ ನಿಧಾನವಾಗಿ ಏರಿದರೆ ಸಾಕು ಅಂತ ಬರುತ್ತದೆ. ನಾರ್ಡ್‌ಹೌಸ್ ಅವರಿಗೆ 2018ರಲ್ಲಿ ನೊಬೆಲ್ ಸಿಕ್ಕಿತು. ಜಗಳ ಮಾತ್ರ ಮುಗಿಯಲಿಲ್ಲ. ಮುಗಿಯುವುದೂ ಇಲ್ಲ, ಯಾಕೆಂದರೆ ಅದು ಗಣಿತದ ಜಗಳವೇ ಅಲ್ಲ. ಮೊಮ್ಮಕ್ಕಳ ಮೊಮ್ಮಕ್ಕಳ ಕಷ್ಟಕ್ಕೆ ನಮ್ಮ ಕಷ್ಟದಷ್ಟೇ ತೂಕ ಇದೆಯೇ? ಅವರು ನಮಗಿಂತ ಶ್ರೀಮಂತರಾಗಿರುತ್ತಾರೆ ಅಂತ ನಂಬಬಹುದೇ? ಇಂಗ್ಲೆಂಡಿನ ಫ್ರಾಂಕ್ ರ‍್ಯಾಮ್ಸೆ 1928ರಲ್ಲೇ, ಕೇವಲ ಆಮೇಲೆ ಹುಟ್ಟುತ್ತಾರೆ ಅನ್ನುವ ಕಾರಣಕ್ಕೆ ಅವರ ಸುಖದ ತೂಕ ಇಳಿಸುವುದು ನೈತಿಕವಾಗಿ ಒಪ್ಪುವಂಥದ್ದಲ್ಲ ಅಂದಿದ್ದರು. ನನ್ನ ಮಟ್ಟಿಗೆ ಅವರ ಮಾತು ಸರಿ. ಆದರೆ ಅದು ನನ್ನ ನಿಲುವು, ಲೆಕ್ಕದಿಂದ ಬಂದ ಉತ್ತರವಲ್ಲ.

ದರದ ಜಗಳವನ್ನು ಪಕ್ಕಕ್ಕಿಟ್ಟು, ಮಾರುಕಟ್ಟೆಯೇ ಬೆಲೆ ಹೇಳಲಿ ಅನ್ನುವ ದಾರಿಯೂ ಇದೆ. ಯುರೋಪ್ 2005ರಲ್ಲಿ ಅದನ್ನು ಶುರು ಮಾಡಿತು. ಒಟ್ಟು ಎಷ್ಟು ಟನ್ ಬಿಡಬಹುದು ಅಂತ ಗೊತ್ತು ಮಾಡಿ, ಅಷ್ಟಕ್ಕೆ ಪರವಾನಗಿ ಹಂಚಿ, ಕೊಳ್ಳಲು ಮಾರಲು ಬಿಟ್ಟಿತು. ಶುರುವಿನಲ್ಲಿ ಎಡವಟ್ಟಾಯಿತು. ಬೇಕಾದ್ದಕ್ಕಿಂತ ಜಾಸ್ತಿ ಪರವಾನಗಿ ಹಂಚಿದ್ದರು. 2007ರ ಹೊತ್ತಿಗೆ ಬೆಲೆ ಸೊನ್ನೆಗೆ ಹತ್ತಿರ. ಪುಕ್ಕಟೆ ಸಿಕ್ಕ ಪರವಾನಗಿಯ ಬೆಲೆಯನ್ನೂ ವಿದ್ಯುತ್ ಕಂಪನಿಗಳು ಗ್ರಾಹಕರ ಬಿಲ್ಲಿಗೆ ಸೇರಿಸಿ ಲಾಭ ಮಾಡಿಕೊಂಡವು. ಆಮೇಲೆ ಹರಾಜು ಬಂತು, ಮಿತಿ ಬಿಗಿಯಾಯಿತು. 2023ರ ಫೆಬ್ರವರಿಯಲ್ಲಿ ಟನ್ ಬೆಲೆ 100 ಯೂರೋ ಮುಟ್ಟಿತು.

ಹಕ್ಕಿಗೆ ಎಷ್ಟು ಕೊಡುತ್ತೀರಿ?

ಮೀನಿಗೆ ಮಾರುಕಟ್ಟೆ ಇದೆ, ಕರೆಂಟ್‌ಗೆ ಇದೆ. ಯಾರೂ ಹೋಗಿ ನೋಡದ ಕರಾವಳಿಗೆ ಏನಿದೆ? 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಅನ್ನುವ ಹಡಗು ಅಲಾಸ್ಕಾದ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಚೆಲ್ಲಿತು. ಮೀನುಗಾರರ ನಷ್ಟ ಲೆಕ್ಕ ಹಾಕಬಹುದು. ಸತ್ತ ಕಡಲ ಹಕ್ಕಿಗಳನ್ನು, ನೀರುನಾಯಿಗಳನ್ನು ಹೇಗೆ ಲೆಕ್ಕ ಹಾಕುವುದು?

ಅಲಾಸ್ಕಾ ರಾಜ್ಯ ಅರ್ಥಶಾಸ್ತ್ರಜ್ಞರ ತಂಡವೊಂದನ್ನು ನೇಮಿಸಿತು. ಅವರು ಅಮೆರಿಕದ ಬೇರೆ ಬೇರೆ ಭಾಗದ ಮನೆಗಳಿಗೆ ಹೋಗಿ, ಇಂಥ ಇನ್ನೊಂದು ಸೋರಿಕೆ ತಡೆಯುವ ಯೋಜನೆಗೆ ನೀವು ಒಂದು ಸಲ ಇಷ್ಟು ತೆರಿಗೆ ಕೊಡುತ್ತೀರಾ ಅಂತ ಕೇಳಿದರು. ಮನೆಯೊಂದಕ್ಕೆ 30 ಡಾಲರ್ ಸುಮಾರು ಬಂತು. ದೇಶದ ಮನೆಗಳಿಂದ ಗುಣಿಸಿದರೆ 280 ಕೋಟಿ ಡಾಲರ್. ಕೊನೆಗೆ 1991ರಲ್ಲಿ ಕಂಪನಿ ಸರ್ಕಾರಗಳ ಜೊತೆ 90 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಕಂಪನಿಯೂ ಸುಮ್ಮನೆ ಕೂರಲಿಲ್ಲ, ತಾನೂ ಅರ್ಥಶಾಸ್ತ್ರಜ್ಞರಿಗೆ ಹಣ ಕೊಟ್ಟಿತು. ಅದರಿಂದ ಬಂದ ಒಂದು ಪ್ರಯೋಗ ಇವತ್ತಿಗೂ ಪಾಠವಾಗಿ ಉಳಿದಿದೆ. ತೈಲದ ಹೊಂಡಗಳಲ್ಲಿ ಬಿದ್ದು ಸಾಯುವ ವಲಸೆ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುತ್ತೀರಿ ಅಂತ ಮೂರು ಗುಂಪಿನ ಜನರನ್ನು ಕೇಳಿದರು. ಒಂದು ಗುಂಪಿಗೆ 2,000 ಹಕ್ಕಿ ಅಂದರು, ಇನ್ನೊಂದಕ್ಕೆ 20,000, ಮೂರನೆಯದಕ್ಕೆ 2 ಲಕ್ಷ. ಸರಾಸರಿ ಉತ್ತರ ಕ್ರಮವಾಗಿ 80, 78, 88 ಡಾಲರ್. ನೂರು ಪಟ್ಟು ಹಕ್ಕಿ ಜಾಸ್ತಿಯಾದರೂ ಮೊತ್ತ ಅಲ್ಲೇ ನಿಂತಿದೆ. ಜನ ಹಕ್ಕಿ ಎಣಿಸುತ್ತಿಲ್ಲ, ಅಯ್ಯೋ ಪಾಪ ಅನ್ನುವುದಕ್ಕೆ ದುಡ್ಡು ಕೊಡುತ್ತಿದ್ದಾರೆ ಅನ್ನುವುದು ಟೀಕಾಕಾರರ ವಾದವಾಯಿತು.

ಹಾಗಾದರೆ ಇಂಥ ಸಮೀಕ್ಷೆಗಳನ್ನು ಎಸೆಯಬೇಕೇ? ನೊಬೆಲ್ ಪಡೆದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ಸಮಿತಿ 1993ರಲ್ಲಿ ಬೇಡ ಅಂದಿತು. ಮತದಾನದ ಹಾಗೆ ಹೌದು-ಇಲ್ಲ ಅಂತ ಕೇಳಬೇಕು, ಆ ದುಡ್ಡಲ್ಲಿ ಬೇರೆ ಏನು ಮಾಡಬಹುದು ಅಂತ ನೆನಪಿಸಬೇಕು, ಹಾಗೆ ಕಟ್ಟುನಿಟ್ಟಾಗಿ ಮಾಡಿದರೆ ನ್ಯಾಯಾಲಯದಲ್ಲಿ ಲೆಕ್ಕಕ್ಕೆ ಶುರುವಿನ ಅಂದಾಜಾಗಿ ಬಳಸಬಹುದು ಅಂದಿತು. ನನಗೂ ಅದು ಸರಿ ಅನ್ನಿಸುತ್ತದೆ. ಸಂಖ್ಯೆ ಬರೆಯದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಅಲ್ಲಿ ಸೊನ್ನೆ ಅಂತಲೇ ಓದಿಕೊಳ್ಳುತ್ತಾರೆ.

ಅತಿಯಾಗಿ ಬರೆಯುವವರೂ ಇದ್ದಾರೆ ಅನ್ನಿ. 1997ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಇಡೀ ಭೂಮಿಯ ನಿಸರ್ಗ ವರ್ಷಕ್ಕೆ ಕೊಡುವ ಸೇವೆಗೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಅಂತ ಬೆಲೆ ಕಟ್ಟಿತು. ಆಗ ಇಡೀ ಜಗತ್ತಿನ ವಾರ್ಷಿಕ ಉತ್ಪನ್ನವೇ ಅದಕ್ಕಿಂತ ಕಡಿಮೆ ಇತ್ತು. ಅರ್ಥಶಾಸ್ತ್ರಜ್ಞ ಮೈಕಲ್ ಟೋಮನ್, ಅನಂತಕ್ಕೆ ಇದು ತೀರಾ ಕಡಿಮೆ ಅಂದಾಜು ಅಂತ ಚುಚ್ಚಿದರು. ನಿಸರ್ಗವೇ ಇಲ್ಲದಿದ್ದರೆ ಯಾರೂ ಇರುವುದಿಲ್ಲ, ಹಾಗಾಗಿ ಒಟ್ಟು ಬೆಲೆ ಕೇಳುವುದರಲ್ಲಿ ಅರ್ಥವಿಲ್ಲ. ಈ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದರೆ ಈ ದಡಕ್ಕೆ ಏನಾಗುತ್ತದೆ ಅಂತ ಕೇಳಿದರೆ ಉತ್ತರ ಕೊಡಬಹುದು.

ವರದಿಗೆ ದುಡ್ಡು ಕೊಟ್ಟವರು

ಒಂದೇ ಸೋರಿಕೆಗೆ ಎರಡು ಕಡೆಯವರೂ ಅರ್ಥಶಾಸ್ತ್ರಜ್ಞರನ್ನು ನೇಮಿಸಿದ್ದನ್ನು ನೋಡಿದಿರಿ. ಸಲಹೆಯ ಕೆಲಸ ನಡೆಯುವುದೇ ಹಾಗೆ. ದುಡ್ಡು ಕೊಟ್ಟವರ ಪರವಾಗಿ ಸುಳ್ಳು ಲೆಕ್ಕ ಬರೆಯುತ್ತಾರೆ ಅಂತಲ್ಲ, ಒಳ್ಳೆಯ ಸಂಸ್ಥೆಗಳು ಹಾಗೆ ಮಾಡುವುದಿಲ್ಲ. ಆದರೆ ಯಾವ ಪ್ರಶ್ನೆ ಕೇಳಬೇಕು ಅನ್ನುವುದನ್ನು ಗಿರಾಕಿಯೇ ಬರೆದುಕೊಡುತ್ತಾನೆ. ಬಂದರು ಕಟ್ಟಿದರೆ ಎಷ್ಟು ಉದ್ಯೋಗ ಸೃಷ್ಟಿಯಾಗುತ್ತದೆ ಅಂತ ಕೇಳಿದರೆ ಉದ್ಯೋಗದ ಸಂಖ್ಯೆ ಬರುತ್ತದೆ. ಅದೇ ಹಣ ಬೇರೆ ಕಡೆ ಹಾಕಿದ್ದರೆ ಎಷ್ಟು ಉದ್ಯೋಗ ಆಗುತ್ತಿತ್ತು ಅಂತ ಯಾರೂ ಕೇಳಿಲ್ಲ, ಹಾಗಾಗಿ ಉತ್ತರವೂ ಇಲ್ಲ. ಉದ್ಯೋಗದ ಅಂಕಿ ದಪ್ಪಕ್ಷರದಲ್ಲಿ ಮುಖಪುಟದ ಮೇಲಿದ್ದರೆ ನಾನು ಮೊದಲು ಹುಡುಕುವುದು ಈ ಕಾಣೆಯಾದ ಹೋಲಿಕೆಯನ್ನು.

ಎರಡನೆಯದಾಗಿ, ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವ ಊಹೆ. ಹೇಗೂ ಕಡಿಮೆಯಾಗಲಿದ್ದ ಹೊಗೆಯನ್ನು ತಮ್ಮ ಯೋಜನೆಯ ಖಾತೆಗೆ ಬರೆದುಕೊಳ್ಳುವುದು ಬಲು ಸುಲಭ. ಇನ್ನು ಡಿಸ್ಕೌಂಟ್ ದರ ಸಾಮಾನ್ಯವಾಗಿ ಅನುಬಂಧದ ಯಾವುದೋ ಕೋಷ್ಟಕದಲ್ಲಿ ಅಡಗಿರುತ್ತದೆ. ದರ ಒಂದು ಅಂಶ ಏರಿಸಿದರೆ, ಇಳಿಸಿದರೆ ಏನಾಗುತ್ತದೆ ಅಂತ ಬರೆದವರೇ ತೋರಿಸಿದ್ದರೆ ಆ ವರದಿಯ ಮೇಲೆ ಅರ್ಧ ನಂಬಿಕೆ ಇಡಬಹುದು.

ದಿನ ಲೆಕ್ಕದಲ್ಲಿ ಸಮುದ್ರ ಮಾರಿದ ದೇಶಗಳು

ಪೆಸಿಫಿಕ್ ಸಾಗರದ ನಡುವಿನ ಎಂಟು ದ್ವೀಪ ದೇಶಗಳಲ್ಲಿ ಮೀನು, ಹವಾಮಾನ, ಇಂಧನ ಮೂರೂ ಬಂದು ಸೇರುತ್ತವೆ. ಕಿರಿಬಾಟಿ, ಟುವಾಲು, ನೌರು, ಮಾರ್ಷಲ್ ದ್ವೀಪಗಳು ಇತ್ಯಾದಿ. ಹೆಚ್ಚಿನವಕ್ಕೆ ನೆಲ ಚೂರೇ ಚೂರು. ಆದರೆ ಅಂತರರಾಷ್ಟ್ರೀಯ ಸಮುದ್ರ ಕಾನೂನಿನ ಪ್ರಕಾರ ದಡದಿಂದ 200 ನಾಟಿಕಲ್ ಮೈಲಿ ತನಕ ಮೀನು ಅವರದ್ದು. ಕೂಡಿಸಿದರೆ ಜಗತ್ತಿನ ಟ್ಯೂನಾ ಕಣಜವೇ ಅವರ ಕೈಯಲ್ಲಿದೆ. ಆದರೂ ದೂರದ ದೇಶಗಳ ದೊಡ್ಡ ಹಡಗುಗಳು ಒಬ್ಬೊಬ್ಬರ ಜೊತೆ ಚೌಕಾಸಿ ಮಾಡಿ ಪುಡಿಗಾಸು ಕೊಟ್ಟು ಹೋಗುತ್ತಿದ್ದವು.

ಎಂಟೂ ದೇಶ ಸೇರಿ ಮೀನಿನ ಬದಲು ದಿನ ಮಾರಲು ಶುರು ಮಾಡಿದವು. ವರ್ಷಕ್ಕೆ ಒಟ್ಟು ಇಷ್ಟು ಹಡಗು-ದಿನ ಅಂತ ಗೊತ್ತು ಮಾಡಿ, ತಮ್ಮೊಳಗೆ ಹಂಚಿಕೊಂಡು, ಒಂದು ದಿನಕ್ಕೆ ಕನಿಷ್ಠ ಬೆಲೆ ಕಟ್ಟಿದವು. ಆ ಕನಿಷ್ಠ ಬೆಲೆ 8,000 ಡಾಲರ್‌ಗೆ ಏರಿತು. 2010ರ ಸುಮಾರಿಗೆ ವರ್ಷಕ್ಕೆ 6 ಕೋಟಿ ಡಾಲರ್‌ನಷ್ಟಿದ್ದ ಒಟ್ಟು ಆದಾಯ ಒಂದು ದಶಕದೊಳಗೆ 50 ಕೋಟಿಯ ಹತ್ತಿರ ಹೋಯಿತು. ಮೀನು ತೂಗುವುದಕ್ಕಿಂತ ಉಪಗ್ರಹದಿಂದ ಹಡಗಿನ ದಿನ ಎಣಿಸುವುದು ಸುಲಭ, ಮೋಸ ಕಡಿಮೆ. ಕೊರತೆಯೂ ಇದೆ. ದಿನ ದುಬಾರಿಯಾದಷ್ಟೂ ಹಡಗಿನವರು ಅದೇ ದಿನದಲ್ಲಿ ಜಾಸ್ತಿ ಹಿಡಿಯುವ ಉಪಕರಣ ತರುತ್ತಾರೆ. ಹಾಗಾಗಿ ದಿನಗಳ ಲೆಕ್ಕವನ್ನು ಆಗಾಗ ಬಿಗಿ ಮಾಡುತ್ತಲೇ ಇರಬೇಕು.

ಈಗ ಸಮುದ್ರ ಬಿಸಿಯಾಗುತ್ತಿದೆ, ಟ್ಯೂನಾ ಪೂರ್ವಕ್ಕೆ, ಯಾರ ಗಡಿಯೂ ಇಲ್ಲದ ನೀರಿಗೆ ಸರಿಯುವ ಸೂಚನೆ ಇದೆ. ಹೊಗೆ ಹೀಗೇ ಏರಿದರೆ 2050ರ ವೇಳೆಗೆ ಪೆಸಿಫಿಕ್ ದ್ವೀಪಗಳ ನೀರಿನಲ್ಲಿ ಸಿಗುವ ಟ್ಯೂನಾ ಐದನೇ ಒಂದು ಪಾಲಿನಷ್ಟು ಕಡಿಮೆಯಾಗಬಹುದು ಅಂತ 2021ರ ಅಧ್ಯಯನವೊಂದು ಅಂದಾಜಿಸಿದೆ. ಜಗತ್ತಿನ ಹೊಗೆಯಲ್ಲಿ ಈ ದೇಶಗಳ ಪಾಲು ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಮೀನು ಗಡಿ ದಾಟಿ ಹೋದರೆ ಅವರ ಖಜಾನೆಯೇ ದಾಟಿ ಹೋದ ಹಾಗೆ.

ಇದೇ ದೇಶಗಳಿಗೆ ಡೀಸೆಲ್‌ನಿಂದ ಹಿಡಿದು ದಿನಬಳಕೆಯ ಹೆಚ್ಚಿನ ಸಾಮಾನು ಹಡಗಿನಲ್ಲೇ ಬರಬೇಕು. ಹಡಗಿನ ಹೊಗೆಗೆ ತೆರಿಗೆ ಹಾಕಿದರೆ ಅವರಿಗೇ ಮೊದಲು ಬಿಸಿ ತಟ್ಟುತ್ತದೆ ಅಂತ ಯಾರಾದರೂ ಅಂದುಕೊಳ್ಳಬಹುದು. ಆದರೆ 2021ರಲ್ಲಿ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಮುಂದೆ ಟನ್‌ಗೆ 100 ಡಾಲರ್ ತೆರಿಗೆ ಹಾಕಿ ಅಂತ ಪ್ರಸ್ತಾಪ ಇಟ್ಟದ್ದು ಮಾರ್ಷಲ್ ದ್ವೀಪಗಳು ಮತ್ತು ಸಾಲಮನ್ ದ್ವೀಪಗಳೇ. ಅವರ ತರ್ಕ ಸರಳ. ಜಗತ್ತಿನ ಹೊಗೆಯಲ್ಲಿ ಹಡಗುಗಳದ್ದು ಸುಮಾರು ಶೇ. 3, ಹಾಗಾಗಿ ತೆರಿಗೆಯಿಂದ ದೊಡ್ಡ ಮೊತ್ತ ಬರುತ್ತದೆ. ಅದರಲ್ಲಿ ಬಡ ದೇಶಗಳಿಗೆ ನ್ಯಾಯವಾದ ಪಾಲು ಸಿಕ್ಕರೆ, ಏರಿದ ಸಾಗಣೆ ಖರ್ಚನ್ನು ತುಂಬಿಕೊಂಡು ಮೇಲೂ ಉಳಿಯುತ್ತದೆ. ತೆರಿಗೆ ಎಷ್ಟು ಅನ್ನುವುದಕ್ಕಿಂತ ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದು ಅವರಿಗೆ ಮುಖ್ಯ.

2025ರ ಏಪ್ರಿಲ್‌ನಲ್ಲಿ ಸಂಸ್ಥೆ ಒಂದು ರಾಜಿ ಸೂತ್ರಕ್ಕೆ ಒಪ್ಪಿತು. ಇಡೀ ಹೊಗೆಗೆ ತೆರಿಗೆ ಇಲ್ಲ, ನಿಗದಿಪಡಿಸಿದ ಗುರಿ ಮೀರಿದ ಭಾಗಕ್ಕೆ ಮಾತ್ರ ಶುಲ್ಕ. ಇದು ಸಾಲದು ಅಂತ ಪೆಸಿಫಿಕ್ ದ್ವೀಪಗಳು ಮತ ಹಾಕದೆ ದೂರ ಉಳಿದವು. ಅಕ್ಟೋಬರ್‌ನಲ್ಲಿ ಅಂತಿಮ ಒಪ್ಪಿಗೆಗೆ ಬಂದಾಗ ಅಮೆರಿಕದ ಜೋರು ವಿರೋಧದ ನಡುವೆ ತೀರ್ಮಾನವನ್ನು ಒಂದು ವರ್ಷ ಮುಂದೂಡಿದರು. ಹಡಗು ಕಟ್ಟಿಸುವವರಿಗೆ ಈ ಒಂದು ವರ್ಷ ಸಣ್ಣದಲ್ಲ. ಇವತ್ತು ಆರ್ಡರ್ ಕೊಟ್ಟ ಹಡಗು ಇನ್ನು 25 ವರ್ಷ ಓಡಬೇಕು. ಅದು ಹಳೆಯ ಎಣ್ಣೆಯಲ್ಲಿ ಓಡಬೇಕೋ, ಮೆಥನಾಲ್‌ನಲ್ಲೋ, ಅಮೋನಿಯಾದಲ್ಲೋ ಅಂತ ಎಂಜಿನ್ ಆರಿಸುವ ಹೊತ್ತಿಗೆ ಹೊಗೆಯ ಬೆಲೆ ಗೊತ್ತಿರುವುದಿಲ್ಲ. ಸಾಲ ಕೊಡುವ ಬ್ಯಾಂಕಿಗೂ ಗೊತ್ತಿಲ್ಲ, ಹಾಗಾಗಿ ಅದು ಆ ಅನುಮಾನವನ್ನೂ ಬಡ್ಡಿಗೆ ಸೇರಿಸುತ್ತದೆ.